ಅಂಚಿನ ಪೆಟ್ಟು

ಕಳೆದ ಬೇಸಗೆಯ ರಜಕ್ಕೆ ನನ್ನ ಅಕ್ಕನ ಮಗ ಬೆಂಗಳೂರಿನಿಂದ ಮೈಸೂರಿಗೆ ಬಂದಾಗ ಆಟೋರಿಕ್ಷಾದಿಂದ ಮೊದಲು ಇಳಿದವನು ಅವನಲ್ಲ. ಸೊಂಟದೆತ್ತರದ, ಹೊಟ್ಟೆ ಉಬ್ಬಿದ, ಕಂಬಳಿ ಹೊದ್ದ ಒಂದು ಆಕೃತಿ. ನನ್ನ ತಾಯಿಯವರು ಕಿಟಕಿಯಿಂದ ಇಣಿಕಿ ನೋಡಿ, “ಯಾರೋ ಗಿಡ್ಡನೆಯ ಹೆಂಗಸು ಜೊತೆಗೆ ಬಂದಹಾಗಿದೆಯಲ್ಲೋ, ಎಲೆ ಇನ್ನೊಂದು ಹಾಕಬೇಕೇನೋ” ಎಂದು ಗಾಬರಿಗೊಂಡರು. ಅವರ ಕಣ್ಣಿನ ಪೊರೆ ತೆಗೆಸುವುದನ್ನು ಇನ್ನು ಮುಂದೂಡಬಾರದೆಂದು ನನಗೆ ಆಗಲೇ ಹೊಳೆಯಿತು. ಕಂಬಳಿ ಸರಿಸಿದ ಮೇಲೆ ಕಾಣಿಸಿಕೊಂಡದ್ದು ಒಂದು ವಾದ್ಯ. ‘ಕಾಂಗಾ’ ಎಂದು ಅದರ ಹೆಸರು. ಹುಡುಗ ತನ್ನ ಕಾಲೇಜಿನ ವಾದ್ಯಮೇಳದಲ್ಲಿ ಅದನ್ನು ಬಾರಿಸುತ್ತಾನೆ.

ಕಾಂಗಾ ಕ್ಯೂಬಾ ದ್ವೀಪದ ಸೊತ್ತು. ಗುಲಾಮರಾಗಿ ಅಲ್ಲಿಗೆ ಸಾಗಿಸಲ್ಪಟ್ಟ ಆಫ್ರಿಕದ ಜನ ತಮ್ಮೊಡನೆ ಗಂಟುಮೂಟೆಯನ್ನೇನೂ ಒಯ್ಯಲಾರದೆ ಹೋದರೂ ತಾಳವನ್ನು ಒಯ್ದರು; ಆ ತಾಳಕ್ಕೆ ಅಲ್ಲಿ ದೊರೆತ ಮರದಿಂದ ಒಡಲನ್ನು ಕಟ್ಟಿಕೊಂಡರು. ಪೀಪಾಯಿಯ ಹಲಗೆಗಳಂತೆ ಮರದ ಪಟ್ಟಿಗಳನ್ನು ಕೂಡಿಸಿ ಮಾಡಿದ ಒಡಲಿಗೆ ಮೇಲ್ಗಡೆ ಮಾತ್ರ ಮುಚ್ಚಿಗೆ, ಕೆಳಗಡೆ ಬಯಲು. ಗಾತ್ರಕ್ಕೆ ತಕ್ಕಂತೆ ಚಿಕ್ಕದಕ್ಕೆ ಕಿಂಟೊ, ನಡುವಿನದಕ್ಕೆ ಕಾಂಗಾ, ದೊಡ್ಡದಕ್ಕೆ ಟುಂಬಾ ಎಂದು ಹೆಸರು. ಹಿಂದೆ ಚರ್ಮವನ್ನು ಒಡಲಿಗೆ ಮೊಳೆ ಹೊಡೆದು ಕೂರಿಸುತ್ತಿದ್ದರು. ಶ್ರುತಿ ಇಳಿದಾಗ ಬೆಂಕಿಯ ಬಳಿ ಹಿಡಿದು ಕಾಯಿಸುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ತಮಟೆಯನ್ನು ಹುಲ್ಲಿನ ಬೆಂಕಿಗೆ ಹಿಡಿಯುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಇಪ್ಪತ್ತನೆಯ ಶತಮಾನದ ನಡುಭಾಗದ ಹೊತ್ತಿಗೆ ಮೊಳೆಯ ಸ್ಥಾನಕ್ಕೆ ಉಕ್ಕಿನ ಬಳೆಯೂ ತಿರುಪುಗಳೂ ಬಂದವು. ಬಳೆ ಚರ್ಮವನ್ನು ಸುತ್ತಲೂ ಹಿಡಿದಿರುತ್ತದೆ, ತಿರುಪು ಬಳೆಯನ್ನು ಕೆಳಕ್ಕೆ ಎಳೆಯುತ್ತದೆ, ಚರ್ಮ ಬಿಗಿಯಾಗುತ್ತದೆ.

ಹುಡುಗನ ಸಂಕಟವೆಲ್ಲ ಈ ಬಳೆಯದೇ. ಬಂದ ದಿನ ಸಂಜೆ ಅವನು ನನ್ನ ಮುಂದೆ ಎರಡೂ ಅಂಗೈಗಳನ್ನು ಚಾಚಿದ. ಬೆರಳಿನ ಬುಡಗಳು ಕೆಂಪಗೆ ಬಾತಿದ್ದುವು.

“ಮಾವ, ಇದರ ಬಳೆ ಹಳೇ ಥರದ್ದು. ಚರ್ಮಕ್ಕಿಂತ ಮೇಲೆ ಎದ್ದು ನಿಂತಿದೆ. ಒಂದೊಂದು ಏಟಿಗೂ ಕೈಗೆ ಬಡಿಯತ್ತೆ. ಹೊಸಾ ಥರದ್ದು ಹೊರಕ್ಕೆ ಬಾಗಿ ದುಂಡಗೆ ಇರತ್ತೆ, ಚರ್ಮಕ್ಕಿಂತ ಕೆಳಗೆ ಕೂತಿರತ್ತೆ. ಯಾವುದು ತರಿಸಲಿ?”

ಈ ಪ್ರಶ್ನೆಯನ್ನು ಅವನು ಕನ್ನಡದ ಎಂ.ಎ. ಪದವೀಧರನೊಬ್ಬನನ್ನು ಕೇಳುತ್ತಿದ್ದಾನೆಂಬುದನ್ನು ವಾಚಕರು ಗಮನಿಸಬೇಕು. ಅಂಚಿನ ವಿಚಾರದಲ್ಲಿ ನನ್ನ ಪಾಂಡಿತ್ಯ ಸೀರೆಯ ಅಂಚಿನಿಂದ ಮುಂದೆ ಹೋದದ್ದಲ್ಲ. ಅಲ್ಲಿಯೂ ನನ್ನ ಶ್ರೀಮತಿಯ ತೀರ್ಪೇ ಅಂತಿಮ. ಆದರೂ ಸೋದರಮಾವನ ಗೌರವವನ್ನು ಕಾಪಾಡಿಕೊಳ್ಳಬೇಕಲ್ಲ! “ನೋವಾಗದ್ದನ್ನು ತರಿಸು” ಎಂದೆ.

“ಅಷ್ಟು ಸುಲಭ ಅಲ್ಲ ಮಾವ” ಎಂದು ಅವನು ನನಗೇ ಪಾಠ ಹೇಳತೊಡಗಿದ. ಒಂದು ಕಂಪೆನಿಯ ಬಳೆ ಇನ್ನೊಂದರ ಒಡಲಿಗೆ ಹೊಂದುವುದಿಲ್ಲವಂತೆ. ಬಾಯಿಯ ಅಗಲ ಕಾಲು ಅಂಗುಲ ಹೆಚ್ಚು ಕಡಮೆಯಾದರೂ ಕೂರದು. ತಿರುಪುಗಳ ಎಣಿಕೆ ಸರಿಯಾಗಬೇಕು. ತಿರುಪಿನ ಕೊಕ್ಕೆ ಬಳೆಯನ್ನು ಹಿಡಿಯುವ ರೀತಿ ಸರಿಯಾಗಬೇಕು. ಬಾಗಿದ ಬಳೆಗೆ ಚರ್ಮವೂ ಅದಕ್ಕೆ ತಕ್ಕ ಆಕಾರದಲ್ಲೇ ಒಣಗಿ ನಿಂತಿರಬೇಕು. ಹಳೆಯ ಬಳೆಗೆ ಒಗ್ಗಿದ ಚರ್ಮವನ್ನು ಹೊಸ ಬಳೆಗೆ ಹಾಕಿದರೆ ಅದು ಮುನಿಸಿಕೊಂಡು ಒಂದು ಕಡೆ ಎತ್ತರ, ಒಂದು ಕಡೆ ತಗ್ಗು ಆಗಿಬಿಡುತ್ತದೆ. ವಧೂವರಾನ್ವೇಷಣೆಯಲ್ಲಿಯೂ ಇಷ್ಟು ಕೂಟಗಳನ್ನು ನೋಡುವರೋ ಇಲ್ಲವೋ!

ಮಾತು ಮುಗಿಸಿ ಅವನು ಪಾನದಂಥ ಒಂದು ಸಲಕರಣೆಯನ್ನು ಹಿಡಿದು ವಾದ್ಯದ ಮುಂದೆ ಕುಳಿತ. ಆರು ತಿರುಪುಗಳು. ಒಂದನ್ನು ಕಾಲು ಸುತ್ತು ತಿರುವುವುದು, ಮುಂದಿನದಕ್ಕೆ ಹೋಗುವುದು, ಅದನ್ನೂ ಕಾಲು ಸುತ್ತು ತಿರುವುವುದು. ಒಂದನ್ನೇ ಬಿಗಿದರೆ ಬಳೆ ಓರೆಯಾಗುತ್ತದೆ. ಪ್ರತಿಯೊಂದು ತಿರುಪಿನ ಎದುರಿಗೂ ಅಂಚಿನಿಂದ ಎರಡು ಬೆರಳು ಒಳಗೆ ಮೆಲ್ಲನೆ ತಟ್ಟಿ ಆಲಿಸುವುದು. ಟಕ್, ಮೌನ, ಟಕ್, ಮೌನ.

ಒಳಗಿನಿಂದ ತಾಯಿಯವರು ಬಂದು ಬಾಗಿಲಿನಲ್ಲಿ ನಿಂತರು. ಬಹಳ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, “ಅವರೂ ಹೀಗೇ ಸುತ್ತಲೂ ತಟ್ಟುತ್ತಾ ಕೂರುತ್ತಿದ್ದರು” ಎಂದರು.

‘ಅವರು’ ಎಂದರೆ ನನ್ನ ತಂದೆಯವರು. ತೀರಿಕೊಂಡು ನಾಲ್ಕು ವರ್ಷಗಳಾದುವು.

ತಂದೆಯವರು ಬ್ಯಾಂಕಿನಲ್ಲಿ ಗುಮಾಸ್ತರಾಗಿದ್ದವರು. ಹಗಲೆಲ್ಲ ಇತರರ ಲೆಕ್ಕವನ್ನು ಕೂಡಿ ಕಳೆದು, ಸಂಜೆ ಮನೆಗೆ ಬಂದು ಕೈಕಾಲು ತೊಳೆದು, ನಡುಮನೆಯ ಚಾಪೆಯ ಮೇಲೆ ಮೃದಂಗವನ್ನು ತೊಡೆಗೇರಿಸಿಕೊಂಡು ಕುಳಿತರೆಂದರೆ ಅವರು ಬೇರೆಯೇ ಮನುಷ್ಯರು. ದೊಡ್ಡ ವಿದ್ವಾಂಸರೇನೂ ಅಲ್ಲ. ಭಜನೆಗೆ, ರಾಮನವಮಿಗೆ, ಬೀದಿಯ ಗಣೇಶನ ಮುಂದೆ ಹಾಡುವ ಮಕ್ಕಳಿಗೆ ನುಡಿಸುತ್ತಿದ್ದರು. ಬಿಡಾರಂ ಕೃಷ್ಣಪ್ಪನವರ ರಾಮಮಂದಿರದಲ್ಲಿ ಕಚೇರಿಯಿದ್ದರೆ ಮೃದಂಗದವರು ಚೆನ್ನಾಗಿ ಕಾಣುವ ಕಡೆಯಲ್ಲೇ ನನ್ನನ್ನೂ ಕೂರಿಸಿಕೊಂಡು ಕೂರುತ್ತಿದ್ದರು. ನನಗೆ ಕಲಿಸಲು ಎರಡು ವರ್ಷ ಪ್ರಯತ್ನಪಟ್ಟು, “ನಿನಗೆ ವ್ಯಾಕರಣವೇ ಸರಿ” ಎಂದು ಕೈಬಿಟ್ಟರು.

ಅಟ್ಟದಿಂದ ಅವರ ಮೃದಂಗವನ್ನು ಇಳಿಸಿದೆವು. ಹಲಸಿನ ಮರದ ಒಡಲು ಗಟ್ಟಿಯಾಗಿಯೇ ಇತ್ತು. ಆದರೆ ಬಲಗಡೆಯ ಮುಚ್ಚಿಗೆಯನ್ನು ಇಲಿ ಕಡಿದಿತ್ತು. ನಡುವಿನ ಕರಣೆ ಬಿರಿದು ಚೂರು ಚೂರಾಗಿ ಉದುರಿತು. ಬಾರುಗಳು ಸಡಿಲವಾಗಿ ಜೋಲುತ್ತಿದ್ದುವು. ಹುಡುಗ ಅದನ್ನು ಹಿಂದೆಂದೂ ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ಅಂಚಿನ ಸುತ್ತಲೂ ಬೆರಳಾಡಿಸಿ, “ಮಾವ, ಇದರಲ್ಲಿ ಬಳೆ ಎಲ್ಲಿ? ತಿರುಪು ಎಲ್ಲಿ?” ಎಂದ.

ನ್ಯಾಯವಾದ ಪ್ರಶ್ನೆಯೇ. ಮೃದಂಗದ ಬಳೆಯೂ ಚರ್ಮದ್ದೇ. ಚರ್ಮದ ಎಳೆಗಳನ್ನು ಹೆಣ್ಣುಮಕ್ಕಳ ಜಡೆಯಂತೆ ಹೆಣೆದು ಮುಚ್ಚಿಗೆಯ ಸುತ್ತಲೂ ಮಾಡಿದ ದಪ್ಪನೆಯ ಅಂಚು ಅದು. ಆ ಹೆಣಿಗೆಯಲ್ಲಿ ಸುತ್ತಲೂ ಹದಿನಾರು ಕಣ್ಣುಗಳು. ಒಂದೇ ಉದ್ದನೆಯ ಬಾರು ಈ ಕಡೆಯ ಕಣ್ಣಿನಿಂದ ಆ ಕಡೆಯ ಕಣ್ಣಿಗೆ, ಆ ಕಡೆಯಿಂದ ಈ ಕಡೆಗೆ ಹೋಗುತ್ತ ಬರುತ್ತ ಎರಡು ಮುಚ್ಚಿಗೆಗಳನ್ನೂ ಒಂದಕ್ಕೊಂದು ಬಿಗಿದು ಹಿಡಿದಿರುತ್ತದೆ. ಎಡಗಡೆಯದು ಅಗಲವಾದ ಬಾಯಿ. ನುಡಿಸುವ ಮುನ್ನ ಅದಕ್ಕೆ ನೀರಿನಲ್ಲಿ ಕಲಸಿದ ರವೆಯನ್ನು ಮೆತ್ತುತ್ತಾರೆ, ಕಚೇರಿಯಾದ ಮೇಲೆ ಕೆರೆದು ತೆಗೆಯುತ್ತಾರೆ. ಬಾಯಿಗೆ ಹಿಟ್ಟು ಬಿದ್ದರೆ ಯಾರು ತಾನೆ ಇಂಪಾಗಿ ಮಾತಾಡುವುದಿಲ್ಲ ಎಂದು ಸಂಸ್ಕೃತದ ಹಳೆಯ ಕವಿಯೊಬ್ಬ ಮೃದಂಗವನ್ನು ನೋಡಿಯೇ ಹಾಸ್ಯ ಮಾಡಿದ್ದಾನೆ. ಬಲಗಡೆಯದು ಕಿರಿದಾದ ಬಾಯಿ. ಹಾಡುವವರ ಷಡ್ಜಕ್ಕೆ ಸೇರಬೇಕಾದದ್ದು ಇದು. ಅದರ ನಡುವಿನ ಕಪ್ಪು ಕರಣೆಯನ್ನು ಕಲ್ಲಿನ ಪುಡಿಯನ್ನೂ ಅನ್ನವನ್ನೂ ಸೇರಿಸಿ ಅರೆದು, ಪದರದ ಮೇಲೆ ಪದರ ಹಚ್ಚಿ, ಉಜ್ಜಿ ಉಜ್ಜಿ ಕೂರಿಸಿರುತ್ತಾರೆ.

ಈ ಕರಣೆಯ ಗುಟ್ಟನ್ನು ನನಗೆ ತಿಳಿಯಹೇಳಿದವರು ನಮ್ಮ ಕಾಲೇಜಿನ ಭೌತಶಾಸ್ತ್ರದ ಅಧ್ಯಾಪಕ ಮಿತ್ರರು. ಬರಿಯ ಚರ್ಮವನ್ನು ಬಿಗಿದು ಹೊಡೆದರೆ ಮೂಲಸ್ವರದ ಜೊತೆಗೆ ಹುಟ್ಟುವ ಮೇಲಿನ ಸ್ವರಗಳು ಅದರೊಡನೆ ಹೊಂದಿಕೊಳ್ಳುವುದಿಲ್ಲ. ಆದ್ದರಿಂದ ಅದು ಸದ್ದು ಮಾತ್ರ, ನಾದವಲ್ಲ. ಕರಣೆಯ ಭಾರ ಬಿದ್ದಾಗ ಆ ಸ್ವರಗಳು ಒಂದು, ಎರಡು, ಮೂರು ಎಂಬ ಪೂರ್ಣಸಂಖ್ಯೆಗಳ ಕ್ರಮಕ್ಕೆ ಬರುತ್ತವೆ. ಸಿ.ವಿ. ರಾಮನ್ನರು 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಬೆಂಗಳೂರಿಗೆ ಬಂದು ನೆಲಸಿದ ಮೇಲೆ 1934ರಲ್ಲಿ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ಸಿನ ಪ್ರಕಟಣೆಯಲ್ಲಿ ವಿಸ್ತಾರವಾಗಿ ಬರೆದರು. ಇಂಥ ವಾದ್ಯದಲ್ಲಿ ಒಂದರ ಮೇಲೊಂದರಂತೆ ಐದು ಸ್ವರಗಳು ಹೊಂದಿಕೆಯಾಗಿ ಹೊಮ್ಮುತ್ತವೆಂದು ಅವರು ತೋರಿಸಿದರು. ಮೇಲಿನ ಚರ್ಮವನ್ನು ಪೂರಾ ಮುಚ್ಚದೆ ಅಂಚಿನ ಸುತ್ತ ಉಂಗುರದಂತೆ ಉಳಿಸಿರುವುದೂ ಸುಮ್ಮನೆ ಅಲ್ಲವಂತೆ. ಬೇಡವಾದ ಕೀರಲು ಸ್ವರಗಳನ್ನು ಅದು ಅದುಮಿ ಹಿಡಿಯುತ್ತದೆ. ನಡುವಿನ ಕರಣೆ ನಾದವನ್ನು ಕೊಡುತ್ತದೆ. ಅಂಚು ಗದ್ದಲವನ್ನು ತಡೆಯುತ್ತದೆ.

ಮೃದಂಗವನ್ನು ಶ್ರುತಿಗೂಡಿಸುವ ಕ್ರಮವನ್ನು ನಾನು ಬಾಲ್ಯದಲ್ಲಿ ಸಾವಿರ ಸಲ ನೋಡಿದ್ದೇನೆ. ತಂದೆಯವರ ಬಳಿ ಕಾವೇರಿಯಲ್ಲಿ ಆಯ್ದ ಒಂದು ಗುಂಡುಕಲ್ಲೂ ಒಂದು ಮರದ ತುಂಡೂ ಇದ್ದುವು. ಮರದ ತುಂಡನ್ನು ಅಂಚಿಗೆ ಆನಿಸಿ ಕಲ್ಲಿನಿಂದ ಕೆಳಮುಖವಾಗಿ ಕುಟ್ಟಿದರೆ ಹೆಣಿಗೆ ಕೆಳಕ್ಕೆ ಸರಿದು ಚರ್ಮ ಬಿಗಿಯಾಗುತ್ತದೆ, ಶ್ರುತಿ ಏರುತ್ತದೆ. ಕೆಳಗಿನಿಂದ ಮೇಲಕ್ಕೆ ಕುಟ್ಟಿದರೆ ಸಡಿಲವಾಗಿ ಇಳಿಯುತ್ತದೆ. ಮಳೆಗಾಲದಲ್ಲಿ ಶ್ರುತಿ ತಾನಾಗಿ ಇಳಿಯುತ್ತದೆ. ಬಿರುಬೇಸಗೆಯಲ್ಲಿ ತಾನಾಗಿ ಏರುತ್ತದೆ. ಹಾಗೆಂದು ಯಾವ ಮೃದಂಗವನ್ನಾದರೂ ಎಷ್ಟಕ್ಕಾದರೂ ಏರಿಸಲಾಗದು. ಶ್ರುತಿ ಎರಡರಷ್ಟಾಗಬೇಕಾದರೆ ಬಿಗಿತ ನಾಲ್ಕರಷ್ಟಾಗಬೇಕು; ಅಷ್ಟನ್ನು ಯಾವ ಚರ್ಮ ತಾಳೀತು? ಅದಕ್ಕಾಗಿಯೇ ಗಂಡಸರ ತಗ್ಗು ಶ್ರುತಿಗೆ ಉದ್ದನೆಯ ಮೃದಂಗ, ಹೆಂಗಸರ ಹೆಚ್ಚು ಶ್ರುತಿಗೆ ಗಿಡ್ಡ ಮೃದಂಗ. ಆರಿಸುವಾಗಲೇ ಯಾರೊಡನೆ ನುಡಿಸುವೆವೆಂಬುದನ್ನು ಯೋಚಿಸಿ ಆರಿಸಬೇಕು.

ಹದಿನಾರು ಕಡೆಯೂ ಒಂದೇ ಸ್ವರ ಬರುವ ತನಕ ಸುತ್ತುವುದು ತಪ್ಪದು. ಒಂದು ಕಡೆ ಸರಿಪಡಿಸಿದರೆ ಅದರ ಎದುರುಗಡೆಯದು ಕೊಂಚ ಕೆಡುತ್ತದೆ. ಇದರಲ್ಲಿ ತಂದೆಯವರು ನನಗೆ ಹೇಳಿಕೊಟ್ಟ ನಿಯಮ ಒಂದೇ: “ಪೆಟ್ಟೆಲ್ಲ ಅಂಚಿಗೆ. ನಡುವಿಗೆ ಕಲ್ಲು ಸೋಕಿಸಿದೆಯೋ, ಮುಗಿಯಿತು.”

ಹುಡುಗನಿಗೆ ಇದನ್ನೆಲ್ಲ ಹೇಳುತ್ತಿದ್ದಾಗ ನನಗೆ ಮೃದಂಗ ಕಟ್ಟುವವರ ನೆನಪಾಯಿತು. ನನ್ನ ಬಾಲ್ಯದಲ್ಲಿ ವರ್ಷಕ್ಕೆ ಮೂರು ನಾಲ್ಕು ಸಲ ಅವರು ನಮ್ಮ ಮನೆಗೆ ಬರುತ್ತಿದ್ದರು. ಹೆಗಲಿನ ಮೇಲೊಂದು ಚೀಲ. ಅದರಲ್ಲಿ ಕಲ್ಲು, ಉಳಿ, ದಬ್ಬಳ, ಬಾರಿನ ಸುರುಳಿ. ಜಗುಲಿಯ ಮೇಲೆ ಕುಳಿತು ಮೃದಂಗವನ್ನು ಕಾಲುಗಳ ನಡುವೆ ಒತ್ತಿ ಹಿಡಿದು ಬಾರು ಎಳೆಯುವಾಗ ಅವರ ಕುತ್ತಿಗೆಯ ನರ ಉಬ್ಬುತ್ತಿತ್ತು. ತಂದೆಯವರು ಹೊಸ್ತಿಲಿನ ಒಳಗಡೆ ಮಣೆ ಹಾಕಿಕೊಂಡು ಕುಳಿತು, “ಮೂರನೇ ಕಣ್ಣು ಇನ್ನೂ ಒಂಚೂರು ಕಮ್ಮಿ ಅಲ್ಲವೇನಯ್ಯ?” ಎಂದರೆ, “ಹೌದು ಸ್ವಾಮಿ, ನಿಮ್ಮ ಕಿವಿ ಬಲು ಸೂಕ್ಷ್ಮ” ಎನ್ನುತ್ತಿದ್ದರು. ಇಬ್ಬರೂ ಸೇರಿ ಆ ಮೂರನೆಯ ಕಣ್ಣಿಗಾಗಿ ಅರ್ಧ ಗಂಟೆ ಕಳೆಯುತ್ತಿದ್ದರು. ಅವರಿಬ್ಬರಿಗೂ ಪರಸ್ಪರ ಗೌರವವಿತ್ತೆಂಬುದರಲ್ಲಿ ನನಗೆ ಸಂಶಯವಿಲ್ಲ.

ಆದರೆ ಜಗುಲಿಯ ಗೂಡಿನಲ್ಲಿ ಒಂದು ಸ್ಟೀಲು ಲೋಟವಿತ್ತು. ಅಂಚು ಒಂದು ಕಡೆ ನೆಗ್ಗಿದ ಲೋಟ. ಅದು ಒಳಗೆ ಬರುತ್ತಿರಲಿಲ್ಲ. ಅವರು ಬಂದಾಗ ನಾನು ಒಳಗಿನಿಂದ ಕಾಫಿ ತಂದು ಮೇಲಿನಿಂದ ಅದಕ್ಕೆ ಹೊಯ್ಯುತ್ತಿದ್ದೆ. ಕುಡಿದಾದ ಮೇಲೆ ಅವರೇ ತೊಳೆದು ಗೂಡಿನಲ್ಲಿ ಮಗುಚಿ ಇಡುತ್ತಿದ್ದರು. ಹಣವನ್ನು ತಂದೆಯವರು ಜಗುಲಿಯ ಕಟ್ಟೆಯ ಮೇಲಿಡುತ್ತಿದ್ದರು, ಅವರು ಎತ್ತಿಕೊಳ್ಳುತ್ತಿದ್ದರು. ಅವರು ಹೊರಟ ಮೇಲೆ ಮೃದಂಗಕ್ಕೆ ಎರಡು ಹನಿ ನೀರು ಚಿಮುಕಿಸಿ, ಕುಂಕುಮವಿಟ್ಟು, ನಮಸ್ಕರಿಸಿ, ದೇವರ ಮನೆಯಲ್ಲಿ ಇಡುತ್ತಿದ್ದೆವು.

ಒಂದು ಮೃದಂಗಕ್ಕೆ ಹಸು, ಎಮ್ಮೆ, ಮೇಕೆ ಈ ಮೂರರ ಚರ್ಮವೂ ಬೇಕು. ಅದು ದೇವರ ಮನೆಯೊಳಕ್ಕೆ ಹೋಗುತ್ತಿತ್ತು; ಅದನ್ನು ಕಟ್ಟಿದವರು ಹೊಸ್ತಿಲಿನ ಹೊರಗೆ ಕೂರುತ್ತಿದ್ದರು. ಇದು ಯಾವುದೋ ಪುರಾತನ ಕಾಲದ ಮಾತಲ್ಲ. ಸುಮಾರು 2000ದ ಇಸವಿಯ ಮಾತು. ಹತ್ತು ವರ್ಷದ ನನಗೆ ಇದರಲ್ಲಿ ಏನೂ ವಿಚಿತ್ರವಾಗಿ ಕಂಡಿರಲಿಲ್ಲ. ಹತ್ತು ವರ್ಷದ ಹುಡುಗನಿಗೆ ಕ್ಷಮೆಯುಂಟು. ಆದರೆ 2020ರಲ್ಲಿ ಗಾಯಕ ಟಿ.ಎಂ. ಕೃಷ್ಣ ಅವರು ಮೃದಂಗ ಕಟ್ಟುವವರ ಬದುಕನ್ನು ಕುರಿತು ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಎಂಬ ಪುಸ್ತಕವನ್ನು ಪ್ರಕಟಿಸಿದಾಗ ನಾನು ಹುಡುಗನಾಗಿರಲಿಲ್ಲ, ಅಧ್ಯಾಪಕನಾಗಿದ್ದೆ. ಕೊಂಡು ಓದಿದೆ, ಅಲ್ಲಲ್ಲಿ ಪೆನ್ಸಿಲಿನಿಂದ ಗೆರೆ ಎಳೆದೆ, ವಿಶ್ರಾಂತಿ ಕೊಠಡಿಯಲ್ಲಿ ಮಿತ್ರರೊಡನೆ ಖಾರವಾಗಿ ಚರ್ಚಿಸಿದೆ. ನಮ್ಮ ಜಗುಲಿಯ ಗೂಡಿನ ಲೋಟ ಮಾತ್ರ ಆಗ ನನ್ನ ನೆನಪಿಗೆ ಬರಲಿಲ್ಲ. ಮನುಷ್ಯನ ನೆನಪಿಗೂ ಒಂದು ಅಂಚಿದೆ. ಬೇಡವಾದ ಸ್ವರವನ್ನು ಅದೂ ಅದುಮಿ ಹಿಡಿಯುತ್ತದೆ.

ಮರುದಿನ ಮೃದಂಗವನ್ನು ಎತ್ತಿಕೊಂಡು ನಾನೂ ಹುಡುಗನೂ ಅವರನ್ನು ಹುಡುಕಿ ಹೊರಟೆವು. ಹಳೆಯ ಓಣಿಯಲ್ಲಿ, ಹಳೆಯ ಕೋಣೆಯಲ್ಲಿಯೇ ಇದ್ದರು. ಮೈ ಇಳಿದಿತ್ತು, ಕೂದಲು ಪೂರ್ತಿ ಬಿಳುಪಾಗಿತ್ತು. ನನ್ನ ಗುರುತು ಹತ್ತಲಿಲ್ಲ. ಮೃದಂಗದ ಗುರುತು ಹತ್ತಿತು. ಒಡಲಿನ ಮೇಲೆ ಕೈಯಾಡಿಸಿ, “ಬ್ಯಾಂಕಿನ ಸ್ವಾಮಿಗಳದ್ದು” ಎಂದರು. ತೀರಿಹೋದರೆಂದು ಹೇಳಿದೆ. ಸ್ವಲ್ಪ ಹೊತ್ತು ಕರಣೆಯ ಚೂರುಗಳನ್ನು ಬೆರಳಿನಿಂದ ಕೆದಕುತ್ತ ಸುಮ್ಮನಿದ್ದರು. “ಯಾರೂ ಹೇಳ್ಲಿಲ್ಲ” ಎಂದರು.

ಹೇಳಬೇಕಾಗಿದ್ದವನು ನಾನು.

ಆಮೇಲೆ ವ್ಯವಹಾರದ ಮಾತು ಬಂತು. ಅವರ ಕೋಣೆಯ ಮೂಲೆಯಲ್ಲಿ ನನಗೆ ಹೊಸದಾದ ಒಂದು ಬಗೆಯ ಮೃದಂಗವಿತ್ತು. ಬಾರುಗಳೇ ಇಲ್ಲ, ಬಾರಿನ ಬದಲು ಉಕ್ಕಿನ ಕಂಬಿ, ನಟ್ಟು, ಬೋಲ್ಟು, ಅಂಚನ್ನು ಹಿಡಿಯಲು ಉಕ್ಕಿನ ಬಳೆ. ಮುಚ್ಚಿಗೆ ಮಾತ್ರ ಚರ್ಮದ್ದು. ಹುಡುಗ ಕಣ್ಣರಳಿಸಿ, “ಮಾವ, ನಮ್ಮ ಕಾಂಗಾ ಥರಾನೇ!” ಎಂದ.

“ಇದನ್ನೇ ಹಾಕಿಸಿಕೊಳ್ಳಿ ಮೇಷ್ಟ್ರೆ” ಎಂದರು ಅವರು. “ಪಾನ ತಿರುವಿದರೆ ಶ್ರುತಿ ಏರುತ್ತೆ, ಇಳಿಸಿದರೆ ಇಳಿಯುತ್ತೆ. ಮುಚ್ಚಿಗೆ ಹೋದರೆ ನೀವೇ ಬಿಚ್ಚಿ ಬೇರೆ ಹಾಕ್ಕೋಬಹುದು.”

ನನಗೆ ಮನಸ್ಸಿಗೆ ಕಸಿವಿಸಿಯಾಯಿತು. ಪರಂಪರೆಯನ್ನು ಕುರಿತು ನಾನು ತರಗತಿಯಲ್ಲಿ ನಿರರ್ಗಳವಾಗಿ ಮಾತಾಡಬಲ್ಲೆ. ಅದೇ ಧಾಟಿಯಲ್ಲಿ ಆರಂಭಿಸಿದೆ. ತಂದೆಯವರ ವಾದ್ಯ, ಚರ್ಮದ ಹೆಣಿಗೆಯ ನಾದ, ಉಕ್ಕಿನ ಶೀತಲತೆ, ಕೈಕಸುಬಿನ ಘನತೆ ಮುಂತಾಗಿ ಏನೇನೋ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. ಮುಗಿದ ಮೇಲೆ ಎರಡೂ ಅಂಗೈಗಳನ್ನು ನನ್ನ ಮುಂದೆ ಚಾಚಿದರು.

ಹಿಂದಿನ ದಿನ ಸಂಜೆಯಷ್ಟೇ ಹುಡುಗನೊಬ್ಬ ಹೀಗೆ ಅಂಗೈಗಳನ್ನು ಚಾಚಿದಾಗ ನೋವಾಗದ ಬಳೆಯನ್ನು ತರಿಸೆಂದು ನಾನು ಕ್ಷಣದಲ್ಲಿ ತೀರ್ಪು ಕೊಟ್ಟಿದ್ದೆ. ಈ ಅಂಗೈಗಳು ಬಾತಿರಲಿಲ್ಲ. ಬಾಯುವ ಹಂತವನ್ನು ಅವು ಎಂದೋ ದಾಟಿದ್ದುವು. ಬೆರಳುಗಳು ಪೂರ್ತಿ ನೇರವಾಗಿ ಚಾಚಲಾರವು. ಬಾರು ಕೊಯ್ದ ಗೆರೆಗಳು ಹಸ್ತರೇಖೆಗಳನ್ನೇ ಅಳಿಸಿದ್ದುವು.

“ನಿಮ್ಮ ತಂದೆಯವರದ್ದು ನಾನು ಹದಿನೇಳು ಸಲ ಮುಚ್ಚಿಗೆ ಹಾಕಿದ್ದೀನಿ ಮೇಷ್ಟ್ರೆ. ಬಾರು ಎಳೆಯಕ್ಕೆ ಎರಡು ಆಳು ಬೇಕು. ಮಗ ಕಾರ್ಖಾನೆಗೆ ಹೋಗ್ತಾನೆ. ಚರ್ಮದ ವಾಸನೆ ಅಂತ ಅವನ ಹೆಂಡತಿ ಮಕ್ಕಳು ಈ ಕಡೆ ಬರಲ್ಲ. ತಪ್ಪು ಅಂತೀನಾ? ನಾನೇ ಓದಿಸಿದ್ದು. ಚರ್ಮದ್ದೇ ಬೇಕು ಅಂದರೆ ಈ ಸಲ ಕಟ್ಟಿಕೊಡ್ತೀನಿ. ಆದರೆ ಬಾರಿನ ಆ ತುದಿ ನೀವು ಹಿಡೀಬೇಕು.”

ಹೀಗೆ ನಾನು, ವ್ಯಾಕರಣಕ್ಕೇ ಸರಿಯೆಂದು ಕೈಬಿಡಲ್ಪಟ್ಟವನು, ಮೇ ತಿಂಗಳಿನ ಎರಡು ದಿನ ಆ ಓಣಿಯ ಕೋಣೆಯಲ್ಲಿ ಕುಳಿತು ಬಾರು ಎಳೆದೆ. ನೆನಸಿದ ಚರ್ಮದ ವಾಸನೆಗೆ ಮೊದಲ ಅರ್ಧ ಗಂಟೆ ತಲೆ ತಿರುಗಿತು. ಆಮೇಲೆ ಮೂಗು ಸಂಧಾನ ಮಾಡಿಕೊಂಡಿತು. ಅವರು ಒಡಲಿಗೆ ಕಾಲು ಕೊಟ್ಟು ಕಣ್ಣಿನಿಂದ ಬಾರನ್ನು ಹೊರಕ್ಕೆ ಸೆಳೆಯುವುದು. ಅದು ಹಿಂದಕ್ಕೆ ಜಾರದಂತೆ ನಾನು ಬಿಗಿಯಾಗಿ ಹಿಡಿಯುವುದು. “ಹಿಡ್ಕೊಳ್ಳಿ, ಬಿಡಬೇಡಿ, ಬಿಡಬೇಡಿ ಅಂದೆ!” ಮೇಷ್ಟ್ರೆಂಬ ಗೌರವ ಮೊದಲನೆಯ ದಿನ ಮಧ್ಯಾಹ್ನದ ಹೊತ್ತಿಗೆ ಮಾಯವಾಗಿತ್ತು, ಅದರಿಂದ ನನಗೆ ಸಂತೋಷವೇ ಆಯಿತು. ಎಂಟನೆಯ ಕಣ್ಣಿನ ಹೊತ್ತಿಗೆ ನನ್ನ ಬೆರಳಿನಲ್ಲಿ ಬೊಬ್ಬೆ ಎದ್ದಿತು. ಹನ್ನೆರಡನೆಯದರ ಹೊತ್ತಿಗೆ ಒಡೆಯಿತು. ಕೈಕಸುಬಿನ ಘನತೆಯ ವಿಷಯವನ್ನು ನಾನು ಮತ್ತೆ ಎತ್ತಲಿಲ್ಲ. ಮುಂದಿನ ಸಲ ಉಕ್ಕಿನ ಬಳೆಯೇ ಆಗಲಿ, ನಾನು ಗೊಣಗುವುದಿಲ್ಲ ಎಂದು ನಾನಾಗಿಯೇ ಮಾತು ಕೊಟ್ಟೆ.

ಹೊಸ ಮುಚ್ಚಿಗೆ ಕೆಲವು ದಿನಗಳ ತನಕ ಇಳಿಯುತ್ತಲೇ ಇರುತ್ತದೆ. ಚರ್ಮವೂ ಹೆಣಿಗೆಯೂ ಒಂದಕ್ಕೊಂದು ಒಗ್ಗಬೇಕು. ಆದ್ದರಿಂದ ಒಂದು ವಾರ ಬಿಟ್ಟು ಮನೆಗೆ ಬಂದು ಶ್ರುತಿಗೂಡಿಸಿ ಕೊಡುವುದಾಗಿ ಅವರು ಹೇಳಿದರು. ಅವರು ಬರುವ ದಿನ ಬೆಳಗ್ಗೆ ನನಗೆ ಪರೀಕ್ಷೆಗೆ ಹೋಗುವ ಹುಡುಗನ ಕಳವಳ. ನಡುಮನೆಯಲ್ಲಿ ತಂದೆಯವರು ಕೂರುತ್ತಿದ್ದ ಜಾಗದಲ್ಲಿ ಚಾಪೆ ಹಾಸಿದೆ. ತಾಯಿಯವರಿಗೆ ಏನೂ ಹೇಳಲಿಲ್ಲ. ಎಪ್ಪತ್ತರ ಹತ್ತಿರ ಬಂದ ತಾಯಿಗೆ ಮಗ ಉಪದೇಶ ಮಾಡುವುದು ಹೇಗೆ? ಮಾಡದಿರುವುದು ಹೇಗೆ?

ಅವರು ಬಂದರು. ಚಪ್ಪಲಿ ಬಿಟ್ಟು ಅಭ್ಯಾಸಬಲದಿಂದ ಜಗುಲಿಯ ಮೇಲೆ ಕುಳಿತರು. “ಒಳಗೆ ಬನ್ನಿ” ಎಂದೆ. “ಇಲ್ಲೇ ಗಾಳಿ ಚೆನ್ನಾಗಿದೆ” ಎಂದರು. “ಒಳಗೆ ಸದ್ದು ಕಡಮೆ, ಶ್ರುತಿ ಚೆನ್ನಾಗಿ ಕೇಳುತ್ತದೆ” ಎಂದೆ. ಇಬ್ಬರೂ ಆಡಬೇಕಾದ ಮಾತನ್ನು ಬಿಟ್ಟು ಗಾಳಿಯನ್ನೂ ಸದ್ದನ್ನೂ ಕುರಿತು ಮಾತಾಡುತ್ತಿದ್ದೆವು. ಕೊನೆಗೆ ಹುಡುಗ, “ಬನ್ನಿ ತಾತ, ಫ್ಯಾನ್ ಹಾಕಿದೀನಿ” ಎಂದು ಅವರ ಚೀಲವನ್ನು ಎತ್ತಿಕೊಂಡು ಒಳಕ್ಕೆ ಹೊರಟುಬಿಟ್ಟ. ಚೀಲ ಹೋದ ಮೇಲೆ ಅವರೂ ಎದ್ದು ಬಂದರು.

ತಂಬೂರಿಯ ಪೆಟ್ಟಿಗೆಯನ್ನು ಒಂದನೆಯ ಮನೆಯ ಶ್ರುತಿಗೆ ಇಟ್ಟೆವು. ಅವರು ಕಲ್ಲನ್ನೂ ಮರದ ತುಂಡನ್ನೂ ತೆಗೆದು ಅಂಚನ್ನು ಕುಟ್ಟತೊಡಗಿದರು. ಮೂರನೆಯ ಕಣ್ಣಿಗೆ ಬಂದಾಗ ಅಡುಗೆಮನೆಯ ಬಾಗಿಲಿನಲ್ಲಿ ತಾಯಿಯವರು ಕಾಣಿಸಿಕೊಂಡರು. ಕೈಯಲ್ಲೊಂದು ತಟ್ಟೆ, ತಟ್ಟೆಯಲ್ಲಿ ಮೂರು ಲೋಟಗಳು. ಮೂರೂ ಒಂದೇ ಜೊತೆಯವು. ನೆಂಟರು ಬಂದಾಗ ತೆಗೆಯುವಂಥವು. ನಾನು ಬಿಗಿಹಿಡಿದಿದ್ದ ಉಸಿರನ್ನು ಬಿಟ್ಟೆ. ತಾಯಿಯವರು ನನ್ನ ಕಡೆ ನೋಡಲಿಲ್ಲ. ನೇರವಾಗಿ ಅವರ ಮುಂದೆ ಹೋಗಿ ನಿಂತು, “ಸಕ್ಕರೆ ಎಷ್ಟು ಹಾಕಲಿ?” ಎಂದು ಕೇಳಿದರು.

ಅವರು ಕಲ್ಲನ್ನು ಕೆಳಗಿಟ್ಟರು. “ಸಕ್ಕರೆ ಬೇಡಮ್ಮ. ಸಕ್ಕರೆ ಕಾಯಿಲೆ.”

“ಯಾವಾಗಿನಿಂದ?”

“ಆಯ್ತು, ಇಪ್ಪತ್ತು ವರ್ಷದ ಮೇಲೇ.”

ತಾಯಿಯವರು ಲೆಕ್ಕ ಹಾಕಿದರು. ಅವರ ಮುಖ ಕುಂದಿತು. “ಅಷ್ಟು ವರ್ಷವೂ ಎರಡೆರಡು ಚಮಚ ಹಾಕಿ ಕಳಿಸಿದ್ದೇನಲ್ಲ! ಬೇಡ ಅಂತ ಒಂದು ಮಾತು ಹೇಳಬಾರದಿತ್ತೆ?”

ಅವರು ನಕ್ಕರು. ಆ ನಗೆಯಲ್ಲಿ ಕಹಿಯನ್ನು ನಾನು ಹುಡುಕಿದೆ, ಕಾಣಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. “ಯಾರೂ ಕೇಳ್ಲಿಲ್ಲವಲ್ಲ ತಾಯಿ” ಎಂದರು.

ತಾಯಿಯವರು ಒಳಗೆ ಹೋಗಿ ಸಕ್ಕರೆಯಿಲ್ಲದ ಕಾಫಿ ಮಾಡಿ ತಂದು ಕೈಗೇ ಕೊಟ್ಟರು. ಅವರು ಕುಡಿದರು. ಕುಡಿದಾದ ಮೇಲೆ ತೊಳೆಯಲೆಂದು ಲೋಟ ಹಿಡಿದು ಎದ್ದರು. “ಅಲ್ಲೇ ಇಡಿ” ಎಂದರು ತಾಯಿ, ಗಂಟಲು ಕಟ್ಟಿತ್ತು. ಇಷ್ಟೇ ನಡೆದದ್ದು. ಇಷ್ಟರಿಂದ ಹಳೆಯ ಬಾಕಿ ತೀರಿತೆಂದು ನಾನು ಭಾವಿಸಿಲ್ಲ. ಇಪ್ಪತ್ತು ವರ್ಷಗಳ ಸಕ್ಕರೆಯನ್ನು ಒಂದು ಲೋಟ ಕಹಿ ಕಾಫಿ ತೊಳೆಯಲಾರದು.

ಹದಿನಾರು ಕಣ್ಣುಗಳೂ ಸೇರುವ ಹೊತ್ತಿಗೆ ಮಧ್ಯಾಹ್ನವಾಯಿತು. ಕೊನೆಯಲ್ಲಿ ಅವರು ಕಲ್ಲನ್ನು ನನ್ನ ಕೈಗೆ ಕೊಟ್ಟು, “ಮೂರನೇದು ಒಂಚೂರು ಕಮ್ಮಿ ಬಿಟ್ಟಿದ್ದೀನಿ, ನೀವು ಸೇರಿಸಿ” ಎಂದರು. ನಾನು ಅಂಚಿಗೆ ಒಂದು ಪೆಟ್ಟು ಹಾಕಿದೆ, ಹೆಚ್ಚಾಯಿತು. ಕೆಳಗಿನಿಂದ ಒಂದು ಹಾಕಿದೆ, ಕಡಮೆಯಾಯಿತು. ನಾಲ್ಕೈದು ಸಲ ಹೀಗಾದ ಮೇಲೆ ಹೇಗೋ ಸೇರಿತು. ಹುಡುಗ ಬೆರಳಿಟ್ಟು ‘ನಂ’ ಎಂದು ನುಡಿಸಿದ. ನಾದ ನಡುವಿನಿಂದ ಹೊರಟು ಅಂಚಿನ ತನಕ ಹೋಗಿ ಕೋಣೆಯನ್ನು ತುಂಬಿತು. ಅಂಚಿನ ಹೆಣಿಗೆಯಲ್ಲಿ ಪೆಟ್ಟಿನ ಗುರುತುಗಳು ಆಗಲೇ ಸಾಲಾಗಿ ಮೂಡಿದ್ದುವು.

ಹುಡುಗನ ಕಾಂಗಾಕ್ಕೆ ಬಾಗಿದ ಬಳೆಯೇ ಬಂದಿದೆ. ಅವನ ಕೈ ಈಗ ಬಾಯುವುದಿಲ್ಲವಂತೆ. ಜಗುಲಿಯ ಗೂಡಿನಲ್ಲಿದ್ದ ನೆಗ್ಗಿದ ಲೋಟ ಈಗ ಅಲ್ಲಿಲ್ಲ. ಎಲ್ಲಿ ಹೋಯಿತೆಂದು ತಾಯಿಯವರನ್ನು ನಾನು ಕೇಳಿಲ್ಲ, ಅವರೂ ಹೇಳಿಲ್ಲ.